ಯಲ್ಲಾಪ್ರಗಡ ಸುಬ್ಬರಾಯರು

ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳು ಶರೀರವೆಂಬ ಕೋಟೆಯ ಕಾವಲುಗಾರರು. ಹೊರಗಿನಿಂದ ನುಗ್ಗುವ ರೋಗಾಣುಗಳೊಡನೆ ಹೋರಾಡುವುದು ಅವುಗಳ ಧರ್ಮ. ಆದರೆ ರುಮಟಾಯ್ಡ್ ಸಂಧಿವಾತವೆಂಬ ರೋಗದಲ್ಲಿ ಆ ಕಾವಲುಗಾರರೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುತ್ತಾರೆ. ಕೀಲುಗಳು ಊದಿಕೊಳ್ಳುತ್ತವೆ, ಮುಂಜಾನೆ ಬೆರಳುಗಳು ಮಡಿಸಲಾಗದಂತೆ ಸೆಟೆದಿರುತ್ತವೆ, ಕಾಲಕ್ರಮದಲ್ಲಿ ಎಲುಬೂ ಸವೆಯುತ್ತದೆ. ಚಡಚಣದ ಹೊಲದಲ್ಲಿ ದುಡಿಯುವ ಕೈಗಾಗಲಿ, ಅಮೆರಿಕದ ಕಾರ್ಖಾನೆಯಲ್ಲಿ ದುಡಿಯುವ ಕೈಗಾಗಲಿ ಈ ನೋವು ಒಂದೇ. ಇದಕ್ಕೆ ವೈದ್ಯರು ಇಂದು ಸಾಮಾನ್ಯವಾಗಿ ಮೊದಲು ಕೊಡುವ ಮದ್ದು ಮೆಥೊಟ್ರೆಕ್ಸೇಟ್. ಅದರ ಹಿಂದೆ ಒಬ್ಬ ಭಾರತೀಯ ವಿಜ್ಞಾನಿಯ ತಪಸ್ಸಿದೆ.

ಸುಬ್ಬರಾಯರು 1895ರ ಜನವರಿ 12ರಂದು ಆಂಧ್ರದ ಭೀಮಾವರಂನಲ್ಲಿ ಜನಿಸಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ಸೋತು ಮೂರನೆಯ ಸಲ ತೇರ್ಗಡೆಯಾದರು. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಇಬ್ಬರು ಸೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿತು. ಆ ದುಃಖವೇ ಅವರ ಬಾಳಿಗೆ ಗುರಿಯನ್ನು ಕೊಟ್ಟಿತು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟು ಆಂಗ್ಲ ಪ್ರಾಧ್ಯಾಪಕರ ಅವಕೃಪೆಗೆ ಒಳಗಾದ ಅವರಿಗೆ ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪದವಿ ದೊರೆಯಿತು.

1923ರಲ್ಲಿ ಅವರು ಅಮೆರಿಕದ ಬೋಸ್ಟನ್ ನಗರಕ್ಕೆ ತೆರಳಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಯ ಊಳಿಗ ಮಾಡುತ್ತ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮುಂದುವರಿಸಿದರು. ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯೊಡನೆ ದುಡಿದು, ಜೀವಕೋಶಗಳಿಗೆ ಶಕ್ತಿಯನ್ನೊದಗಿಸುವ ಎ.ಟಿ.ಪಿ. ಎಂಬ ವಸ್ತುವನ್ನು 1929ರಲ್ಲಿ ಬೆಳಕಿಗೆ ತಂದರು. ಆದರೂ ಅಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ.

1940ರಲ್ಲಿ ಸುಬ್ಬರಾಯರು ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಅವರ ತಂಡ ಫೋಲಿಕ್ ಆಮ್ಲವನ್ನು ಸಿದ್ಧಪಡಿಸಿತು. ಸೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಬಳಿಕ ಆ ಆಮ್ಲವನ್ನೇ ಹೋಲುತ್ತ, ಅದರ ಕಾರ್ಯಕ್ಕೆ ತಡೆಯೊಡ್ಡುವ ಅಮಿನೋಪ್ಟೆರಿನ್, ಮೆಥೊಟ್ರೆಕ್ಸೇಟ್ ಎಂಬ ವಸ್ತುಗಳು ಅಲ್ಲಿ ರೂಪುಗೊಂಡವು. ಅಮಿನೋಪ್ಟೆರಿನ್ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ತಾತ್ಕಾಲಿಕವಾಗಿಯಾದರೂ ಉಪಶಮನ ನೀಡಿತು.

1948ರ ಆಗಸ್ಟ್ ತಿಂಗಳಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ಕಣ್ಮುಚ್ಚಿದರು. ಅಮಿನೋಪ್ಟೆರಿನ್ ಸಂಧಿವಾತವನ್ನೂ ತಗ್ಗಿಸುವುದೆಂದು 1951ರಲ್ಲಿ ತಿಳಿದುಬಂದಿತು. 1988ರಲ್ಲಿ ಅಮೆರಿಕದ ಸರಕಾರ ಈ ರೋಗಕ್ಕೆ ಮೆಥೊಟ್ರೆಕ್ಸೇಟನ್ನು ಅಂಗೀಕರಿಸಿತು. ವೈದ್ಯರ ನಿಗಾದಲ್ಲಿ ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿ ಸೇವಿಸುವ ಈ ಮದ್ದು ಅಡಿನೊಸಿನ್ ಎಂಬ ವಸ್ತುವನ್ನು ಹೆಚ್ಚಿಸಿ, ಕೆರಳಿದ ಬಿಳಿಯ ಕಣಗಳನ್ನು ಶಾಂತಗೊಳಿಸುತ್ತದೆ. ಅಡಿನೊಸಿನ್, ಸುಬ್ಬರಾಯರು ಕಂಡುಕೊಂಡ ಎ.ಟಿ.ಪಿ.ಯದೇ ಒಂದು ಭಾಗ! ಮದ್ದಿನ ದುಷ್ಪರಿಣಾಮ ತಗ್ಗಿಸಲು ಜೊತೆಯಲ್ಲಿ ಕೊಡುವುದೂ ಫೋಲಿಕ್ ಆಮ್ಲವನ್ನೇ. ಬದುಕಿದ್ದಾಗ ತಕ್ಕ ಮನ್ನಣೆ ಕಾಣದ ಆ ಮಹನೀಯರ ದುಡಿಮೆಯಿಂದ ಇಂದು ಲಕ್ಷಾಂತರ ಜನರ ಬೆರಳುಗಳು ನೋವಿಲ್ಲದೆ ಮಡಿಯುತ್ತಿವೆ.