ಚಿತ್ರದಿಂದ ಚುನಾವಣೆ ಗೆಲ್ಲಿಸಿದ ಥಾಮಸ್ ನಾಸ್ಟ್

1951-52ರಲ್ಲಿ ನಮ್ಮ ದೇಶದ ಮೊದಲ ಮಹಾಚುನಾವಣೆ ನಡೆದಾಗ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 18 ಮಂದಿ ಮಾತ್ರ. ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಹಿರಿಯರೂ ಚಿಹ್ನೆ ಅಂಟಿಸಿದ ಪೆಟ್ಟಿಗೆ ನೋಡಿ ಮತ ಹಾಕಿದವರೇ. ಅಕ್ಷರ ಬಾರದವರನ್ನೂ ಚಿತ್ರ ತಲುಪುತ್ತದೆ. ಈ ಶಕ್ತಿಯನ್ನು ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ತೋರಿಸಿಕೊಟ್ಟವರು ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್.

ನಾಸ್ಟ್ 1840ರಲ್ಲಿ ಜರ್ಮನಿಯ ಲಾಂಡೌ ಪಟ್ಟಣದಲ್ಲಿ ಜನಿಸಿದರು. 1846ರಲ್ಲಿ ತಾಯಿಯೊಂದಿಗೆ ನ್ಯೂಯಾರ್ಕಿಗೆ ವಲಸೆ ಬಂದರು. ಶಾಲೆಯ ಪಾಠ ಹಿಡಿಸಲಿಲ್ಲ, ಚಿತ್ರ ಕೈಹಿಡಿಯಿತು. 15ನೇ ವಯಸ್ಸಿಗೇ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿತು. 1862ರಲ್ಲಿ ‘ಹಾರ್ಪರ್ಸ್ ವೀಕ್ಲಿ’ ಸೇರಿದರು.

ಗುಲಾಮಗಿರಿಯ ಪ್ರಶ್ನೆ ದೇಶವನ್ನೇ ಒಡೆದಿದ್ದ 1864ರ ಚುನಾವಣೆಯಲ್ಲಿ, ದಕ್ಷಿಣದವರೊಡನೆ ರಾಜಿ ಬೇಡವೆಂಬ ಅವರ ಚಿತ್ರವನ್ನು ಲಿಂಕನ್ ಪಕ್ಷದವರು ಪ್ರಚಾರದ ಹಾಳೆಯಾಗಿ ಅಚ್ಚು ಹಾಕಿಸಿ ಊರೂರಿಗೆ ಹಂಚಿದರು. 1871ರಲ್ಲಿ ನ್ಯೂಯಾರ್ಕ್ ನಗರದ ಬೊಕ್ಕಸ ಲೂಟಿ ಮಾಡುತ್ತಿದ್ದ ಟ್ವೀಡ್ ಎಂಬ ಮುಖಂಡನ ಬೆನ್ನು ಬಿದ್ದರು. ಚಿತ್ರ ನಿಲ್ಲಿಸಲು ಭಾರಿ ಮೊತ್ತದ ಆಮಿಷ ಬಂದರೂ ಒಪ್ಪಲಿಲ್ಲ ಎನ್ನುತ್ತಾರೆ. ಆ ವರ್ಷದ ಚುನಾವಣೆಯಲ್ಲಿ ಟ್ವೀಡ್ ಗುಂಪು ಸೋತಿತು. ಮುಂದೆ ಜೈಲಿನಿಂದ ತಪ್ಪಿಸಿಕೊಂಡ ಟ್ವೀಡ್ 1876ರಲ್ಲಿ ಸ್ಪೇನಿನಲ್ಲಿ ಸಿಕ್ಕಿಬಿದ್ದಾಗ ಗುರುತು ಹಿಡಿಯಲು ನೆರವಾದದ್ದೂ ನಾಸ್ಟರ ಚಿತ್ರವೇ. ರಿಪಬ್ಲಿಕನ್ ಪಕ್ಷಕ್ಕೆ ಆನೆಯ ಗುರುತು ನೆಲೆನಿಂತದ್ದು ಅವರ 1874ರ ಚಿತ್ರದಿಂದ.

ಆದರೆ ಈ ಬದುಕಿಗೆ ಇನ್ನೊಂದು ಮುಖವಿದೆ. ಕಪ್ಪು ಜನರ, ಚೀನೀಯರ ಹಕ್ಕಿಗಾಗಿ ಬರೆದ ಅದೇ ಕೈ ಐರಿಷ್ ಕ್ಯಾಥೊಲಿಕ್ ವಲಸಿಗರನ್ನು ವಾನರ ಮುಖದವರಂತೆ ಬರೆಯಿತು. ಆಗ ಕ್ಯಾಥೊಲಿಕರು ತಮ್ಮ ಮಕ್ಕಳ ಶಾಲೆಗಳಿಗೆ ಸರ್ಕಾರದ ಹಣದಲ್ಲಿ ಪಾಲು ಕೇಳುತ್ತಿದ್ದರು. 1871ರ ಚಿತ್ರವೊಂದರಲ್ಲಿ ನಾಸ್ಟ್ ಅವರ ಬಿಷಪ್ಪರನ್ನು ಶಾಲಾಮಕ್ಕಳ ಮೇಲೆರಗುವ ಮೊಸಳೆಗಳನ್ನಾಗಿ ಮಾಡಿದರು. ಸ್ವತಃ ವಲಸಿಗರಾಗಿದ್ದ, ಕ್ಯಾಥೊಲಿಕರಾಗಿ ದೀಕ್ಷಾಸ್ನಾನ ಪಡೆದಿದ್ದ ವ್ಯಕ್ತಿ ಹೀಗೆ ಮಾಡಿದ್ದು ವಿಷಾದದ ಸಂಗತಿ. ಟ್ವೀಡನ ಚಿತ್ರ ಕಳ್ಳತನವನ್ನು ಬಯಲು ಮಾಡಿತು. ಮೊಸಳೆಯ ಚಿತ್ರ ಒಂದು ಸಮುದಾಯವನ್ನೇ ಅಪರಾಧಿಯನ್ನಾಗಿಸಿತು.

1884ರಲ್ಲಿ ಹಣ ಹೂಡಿದ್ದ ಸಂಸ್ಥೆ ದಿವಾಳಿಯಾಗಿ ನಾಸ್ಟ್ ಬಡವರಾದರು. 1902ರಲ್ಲಿ ಅಮೆರಿಕದ ಕಾನ್ಸುಲ್ ಆಗಿ ಈಕ್ವೆಡಾರಿಗೆ ಹೋದವರು ಅದೇ ಡಿಸೆಂಬರಿನಲ್ಲಿ ಹಳದಿ ಜ್ವರದಿಂದ ಅಲ್ಲೇ ತೀರಿಕೊಂಡರು.

ಇಂದು ಚುನಾವಣೆ ಬಂತೆಂದರೆ ಇಂಥ ಚಿತ್ರಗಳು ಮೊಬೈಲಿನಲ್ಲೇ ಮನೆ ಸೇರುತ್ತವೆ. ಈ ಚಿತ್ರ ತಪ್ಪು ಮಾಡಿದವನನ್ನು ತೋರಿಸುತ್ತಿದೆಯೋ, ಅವನ ಜನರನ್ನೆಲ್ಲ ಹೀಗಳೆಯುತ್ತಿದೆಯೋ ಎಂದು ಒಂದು ಕ್ಷಣ ಕೇಳಿಕೊಳ್ಳಬೇಕು. ಅಕ್ಷರದ ಜೊತೆಗೆ ಈ ವಿವೇಕವನ್ನೂ ನಮ್ಮ ಮಕ್ಕಳಿಗೆ ಕಲಿಸುವುದು ಶಿಕ್ಷಣದ ಹೊಣೆ. ನಮ್ಮವರು ಬೇರೆಯವರ ಬಗ್ಗೆ ಕಳುಹಿಸುವ ಚಿತ್ರಕ್ಕೂ ಇದೇ ಅಳತೆ ಅನ್ವಯಿಸುತ್ತದೆ.