ರಕ್ತನಾಳ ಬರೀ ಪೈಪ್ ಅಲ್ಲ: ರುಡಾಲ್ಫ್ ವಿರ್ಕೋ

ಎಂಜಿನಿಯರಿಂಗ್ ಓದೋ ನಮಗೆ ಹಾರ್ಟ್ ಅಟ್ಯಾಕ್ ಅಂದ್ರೆ ಕಣ್ಮುಂದೆ ಬರೋದು ಒಂದೇ ಚಿತ್ರ. ಬೋರ್‌ವೆಲ್ ನೀರಿಗೆ ಪೈಪಿನೊಳಗೆ ಬಿಳಿ ಪದರ ಕಟ್ಟಿದ ಹಾಗೆ ರಕ್ತನಾಳದಲ್ಲಿ ಕೊಲೆಸ್ಟ್ರಾಲ್ ಕಟ್ಟುತ್ತೆ, ಒಂದು ದಿನ ದಾರಿ ಮುಚ್ಚುತ್ತೆ. ಮನೆಯಲ್ಲಿ ಅಜ್ಜ-ಅಜ್ಜಿ ರಾತ್ರಿ ಊಟ ಆದ್ಮೇಲೆ ನುಂಗುವ ಸ್ಟ್ಯಾಟಿನ್ ಮಾತ್ರೆಯನ್ನು ನಾವು ಪೈಪ್ ಕ್ಲೀನರ್ ಅಂತಲೇ ತಿಳ್ಕೊಂಡಿದ್ದೆವು. ಈ ಲೆಕ್ಕ ಸಾಲದು ಅಂತ 1850ರ ದಶಕದಲ್ಲೇ ವಾದಿಸಿದವರು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ.

ವಿರ್ಕೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಶ್ಯಾದ ಶೀವೆಲ್‌ಬೈನ್ ಎಂಬ ಸಣ್ಣ ಊರಿನಲ್ಲಿ. ಅದು ಈಗ ಪೋಲೆಂಡಿನಲ್ಲಿದೆ. 1843ರಲ್ಲಿ ಬರ್ಲಿನ್ನಿನಲ್ಲಿ ವೈದ್ಯ ಪದವಿ ಪಡೆದು ಶಾರಿಟೇ ಆಸ್ಪತ್ರೆ ಸೇರಿದರು. ಅಲ್ಲಿ ಶವಗಳನ್ನು ಕೊಯ್ದು ಪರೀಕ್ಷಿಸುತ್ತಲೇ, ನಾಳದಲ್ಲಿ ಕಟ್ಟಿದ ಹೆಪ್ಪು ತುಂಡಾಗಿ ರಕ್ತದ ಜೊತೆ ಹರಿದು ಬೇರೆ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ತೋರಿಸಿದರು. ಇವತ್ತಿನ ಡಾಕ್ಟರುಗಳು ಬಳಸುವ ಥ್ರಾಂಬೋಸಿಸ್, ಎಂಬಾಲಿಸಂ ಎಂಬ ಹೆಸರುಗಳು ಅವರಿಂದಲೇ ಬಂದವು.

1848ರಲ್ಲಿ ಮೇಲಣ ಸೈಲೀಶಿಯಾದಲ್ಲಿ ಟೈಫಸ್ ಹಬ್ಬಿದಾಗ ಸರ್ಕಾರ ಅವರನ್ನು ಕಳಿಸಿತು. ಸರ್ಕಾರಕ್ಕೆ ಬೇಕಾಗಿದ್ದು ಬಹುಶಃ ಔಷಧಿಯ ಪಟ್ಟಿ. ವಿರ್ಕೋ ಕೊಟ್ಟಿದ್ದು ಬಡತನ, ಶಾಲೆ ಇಲ್ಲದಿರುವುದು, ಜನರಿಗೆ ಅಧಿಕಾರ ಇಲ್ಲದಿರುವುದು ಇವೇ ರೋಗದ ಬೇರು ಎನ್ನುವ ವರದಿ! ವಾಪಸ್ ಬಂದು ಬರ್ಲಿನ್ ಬೀದಿಯ ಕ್ರಾಂತಿಯಲ್ಲೂ ಸೇರಿದರು. ಮರುವರ್ಷ ಕೆಲಸಕ್ಕೆ ಕುತ್ತು ಬಂತು, ವ್ಯುರ್ಟ್ಸ್‌ಬರ್ಗ್‌ಗೆ ಹೋದರು. 1856ರಲ್ಲಿ ಬರ್ಲಿನ್ನೇ ಅವರನ್ನು ಪ್ರೊಫೆಸರ್ ಮಾಡಿ ಮತ್ತೆ ಕರೆಸಿಕೊಂಡಿತು.

ನಮ್ಮ ಪೈಪಿನ ಕಥೆ ಇಲ್ಲೇ ಬರೋದು. ನಾಳದ ಗೋಡೆ ದಪ್ಪವಾಗಲು ರಕ್ತದಿಂದ ಬಂದು ಮೇಲೆ ಅಂಟಿಕೊಳ್ಳುವ ವಸ್ತುವೇ ಕಾರಣ ಎಂದು ವಿಯೆನ್ನಾದ ರೊಕಿಟಾನ್ಸ್ಕಿ ಹೇಳುತ್ತಿದ್ದರು. ವಿರ್ಕೋ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಬದಲಾವಣೆ ಗೋಡೆಯ ಮೇಲಲ್ಲ, ಒಳಪದರದ ಒಳಗೇ ಇತ್ತು. ರಕ್ತದಿಂದ ಏನೋ ಒಳಗೆ ಇಳಿಯುತ್ತೆ ನಿಜ, ಆದರೆ ಗೋಡೆಯ ಜೀವಕೋಶಗಳು ಸುಮ್ಮನೆ ಕೂರಲ್ಲ, ಕೆರಳಿ ಹೆಚ್ಚಾಗುತ್ತವೆ. ಹಾಗಾಗಿ ಇದು ಉರಿಯೂತ ಎಂದರು. ರೋಗ ಇರುವುದು ಜೀವಕೋಶದಲ್ಲಿ ಎಂಬ ಅವರ ಪ್ರಸಿದ್ಧ ಪುಸ್ತಕ ಬಂದದ್ದು 1858ರಲ್ಲಿ.

ಎಲ್ಲದರಲ್ಲೂ ಅವರೇ ಸರಿ ಅಂತೇನಿಲ್ಲ. ಕೈ ತೊಳೆಯಿರಿ ಎಂದ ಸೆಮ್ಮೆಲ್‌ವೈಸ್ ಮಾತಿಗೆ ಬೆಲೆ ಕೊಡಲಿಲ್ಲ, ನಿಯಾಂಡರ್ತಲ್ ತಲೆಬುರುಡೆಯನ್ನು ರೋಗ ಬಂದ ಮನುಷ್ಯನದ್ದು ಎಂದರು. ಆದರೂ ಬರ್ಲಿನ್ನಿಗೆ ಒಳಚರಂಡಿ ಬರಲು ಹೋರಾಡಿದವರಲ್ಲಿ ಇವರೇ ಮುಂದು. (ಸಿವಿಲ್ ಬ್ರಾಂಚಿನವರು ಗಮನಿಸಿ.) 1902ರ ಜನವರಿಯಲ್ಲಿ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆ ಮೂಳೆ ಮುರಿಯಿತು. ಚೇತರಿಸಿಕೊಳ್ಳಲೇ ಇಲ್ಲ, ಸೆಪ್ಟೆಂಬರ್ 5ರಂದು ತೀರಿಕೊಂಡರು.

1913ರಲ್ಲಿ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ನಾಳದ ರೋಗ ಬರಿಸಿದರು. ಮುಂದೆ ಎಲ್ಲರ ಗಮನ ಕೊಲೆಸ್ಟ್ರಾಲ್ ಕಡೆಗೇ ಹೋಯ್ತು, ಉರಿಯೂತದ ಮಾತು ಹಿಂದೆ ಬಿತ್ತು. 1987ರಲ್ಲಿ ಮೊದಲ ಸ್ಟ್ಯಾಟಿನ್ ಮಾರುಕಟ್ಟೆಗೆ ಬಂತು. ಅದು ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತೆ. ಅದೇ ದಾರಿಯಲ್ಲಿ ಬೇರೆ ಅಣುಗಳೂ ತಯಾರಾಗೋದರಿಂದ ಲ್ಯಾಬಿನಲ್ಲಿ ಇನ್ನೊಂದು ಪರಿಣಾಮವೂ ಕಂಡಿತು: ನಾಳದ ಒಳಪದರದ ಕೋಶಗಳು ಹೆಚ್ಚು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ಬಿಳಿ ರಕ್ತಕಣಗಳು ಗೋಡೆಗೆ ಅಂಟುವುದು ಕಡಿಮೆಯಾಗುತ್ತೆ.

2008ರ ಜೂಪಿಟರ್ ಪ್ರಯೋಗದಲ್ಲಿ 17,802 ಜನರಿದ್ದರು. ಅವರ ಕೊಲೆಸ್ಟ್ರಾಲ್ ಜಾಸ್ತಿ ಇರಲಿಲ್ಲ, ಉರಿಯೂತದ ಗುರುತಾದ ಸಿಆರ್‌ಪಿ ಮಾತ್ರ ಜಾಸ್ತಿ. ಸ್ಟ್ಯಾಟಿನ್ ಕೊಟ್ಟವರಲ್ಲಿ ಹೃದಯ, ರಕ್ತನಾಳದ ಅವಘಡಗಳು 44% ಕಡಿಮೆಯಾದವು. ಆದರೆ ಕೊಲೆಸ್ಟ್ರಾಲ್ ಕೂಡ ಇಳಿದಿತ್ತಲ್ಲ! ಎರಡರಲ್ಲಿ ಯಾವುದರಿಂದ ಲಾಭ ಆಯ್ತು ಅಂತ ಬೇರ್ಪಡಿಸೋದು ಹೇಗೆ?

ಅದಕ್ಕೆ ಬೇಕಾದ ಪ್ರಯೋಗ 2017ರಲ್ಲಿ ಬಂತು, ಹೆಸರು ಕ್ಯಾಂಟೋಸ್. ಹಿಂದೆ ಹೃದಯಾಘಾತ ಆಗಿದ್ದ ಸುಮಾರು 10,000 ಜನರಿಗೆ ಕೊಲೆಸ್ಟ್ರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಇಂಜೆಕ್ಷನ್ ಪರೀಕ್ಷೆ ಮಾಡಿದರು. 150 ಮಿಲಿಗ್ರಾಂ ಡೋಸಿನಲ್ಲಿ ಅವಘಡಗಳು 15% ಇಳಿದವು. ಜೊತೆಗೆ ಸೋಂಕಿನಿಂದ ಸತ್ತವರ ಸಂಖ್ಯೆ ಸ್ವಲ್ಪ ಏರಿತು, ಹಾಗಾಗಿ ಅದು ಅಜ್ಜನ ಮಾತ್ರೆ ಡಬ್ಬಿಯ ಜಾಗಕ್ಕೆ ಬರಲಿಲ್ಲ. ಆದರೆ ಗೋಡೆಯ ಉರಿಯೂತಕ್ಕೂ ಹೃದಯಾಘಾತಕ್ಕೂ ನೇರ ಸಂಬಂಧ ಇದೆ ಅಂತ ಮನುಷ್ಯರಲ್ಲೇ ತೋರಿಸಿದಂತಾಯ್ತು, ವಿರ್ಕೋ ತೀರಿಕೊಂಡು 115 ವರ್ಷಗಳಾದ ಮೇಲೆ.