ಜಾನ್ ವೆಸ್ಲಿಯವರ ಬಾಳು: ತಿಳಿದು ಮಾಡುವ ಪಾಪವೂ ಮನೆಯ ಧರ್ಮವೂ

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನಮ್ಮ ಕಡೆಯ ಹೆಂಗಸರು ನಗುತ್ತ ಹೇಳುವುದುಂಟು. ಒಮ್ಮೊಮ್ಮೆ ನಗದೆಯೂ ಹೇಳುವುದುಂಟು. ಸಭೆ, ಸಂಘ, ಶಾಲೆ, ದೇವಸ್ಥಾನ, ಇಗರ್ಜಿ ಎಂದು ಹೊರಗಿನ ಕೆಲಸಗಳಿಗೆಲ್ಲ ಹೆಗಲು ಕೊಡುವ ಗಂಡಸು ಮನೆಯೊಳಗೆ ಎಂಥವನು ಎಂಬ ಪ್ರಶ್ನೆ ಆ ಗಾದೆಯ ಹೊಟ್ಟೆಯಲ್ಲಿದೆ. ದೊಡ್ಡವರ ಬಾಳಿಗೂ ಈ ಪ್ರಶ್ನೆಯನ್ನು ಹಾಕಿ ನೋಡುವುದು ತಪ್ಪಲ್ಲ. ಮೆಥಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು, ಮನುಷ್ಯನು ದೇವರ ಕೃಪೆಯಿಂದ ತಿಳಿದು ಮಾಡುವ ಪಾಪವಿಲ್ಲದೆ ಬದುಕಬಲ್ಲನೆಂದು ಅರ್ಧ ಶತಮಾನ ಕಾಲ ಸಾರಿದವರು. ಆದರೆ ಅವರ ಸ್ವಂತ ಸಂಸಾರ ಮಾತ್ರ ನಿಲ್ಲಲಿಲ್ಲ. ಈ ಎರಡು ಸಂಗತಿಗಳನ್ನೂ ಜೊತೆಗಿಟ್ಟು ಅವರ ಬಾಳನ್ನು ನೋಡೋಣ.

ವೆಸ್ಲಿಯವರ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಮಂಗಳೂರು ಸೀಮೆಯಲ್ಲಿ ಬಾಸೆಲ್ ಮಿಶನ್ನಿನವರು ಶಾಲೆ, ಅಚ್ಚುಕೂಟಗಳನ್ನು ನಡೆಸಿದಂತೆ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನ್ನಿನವರು ನಡೆಸಿದರು. 1887ರಲ್ಲಿ ಮೈಸೂರಿನಿಂದ ವೃತ್ತಾಂತ ಪತ್ರಿಕೆಯೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದವರೂ ಅವರೇ. ಆ ಮಿಶನ್ನಿಗೆ ಹೆಸರು ಕೊಟ್ಟ ವ್ಯಕ್ತಿ ಹುಟ್ಟಿದ್ದು 1703ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಎಪ್‌ವರ್ತ್ ಎಂಬ ಊರಿನಲ್ಲಿ.

ತಂದೆ ಸ್ಯಾಮುವೆಲ್ ವೆಸ್ಲಿ ಆ ಊರಿನ ಸಭಾಪಾಲಕರು. ವಿದ್ವಾಂಸರು, ಕವಿಗಳು, ಜೊತೆಗೆ ದೊಡ್ಡ ಹಟಮಾರಿಗಳು. ಸಾಲ ಅವರ ಬೆನ್ನು ಬಿಟ್ಟದ್ದಿಲ್ಲ. 1705ರಲ್ಲಿ ಸಾಲಕ್ಕಾಗಿ ಲಿಂಕನ್ ಕೋಟೆಯ ಸೆರೆಮನೆಯನ್ನೂ ಕಂಡರು. ತಾಯಿ ಸುಸಾನ್ನಾ ಹಡೆದ ಮಕ್ಕಳು ಹತ್ತೊಂಬತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಎಳವೆಯಲ್ಲೇ ಮಣ್ಣುಸೇರಿದರು. ಜಾನ್ ಹುಟ್ಟುವ ಮೊದಲು ಈ ದಂಪತಿಗಳ ನಡುವೆ ಒಂದು ವಿಚಿತ್ರ ಮುನಿಸು ನಡೆದಿತ್ತು. ಅರಸ ವಿಲಿಯಮನಿಗಾಗಿ ಸ್ಯಾಮುವೆಲ್ ಮಾಡಿದ ಪ್ರಾರ್ಥನೆಗೆ ಸುಸಾನ್ನಾ ಆಮೆನ್ ಹೇಳಲಿಲ್ಲ. ಪಟ್ಟ ಕಳೆದುಕೊಂಡಿದ್ದ ಹಿಂದಿನ ಅರಸನೇ ನ್ಯಾಯವಾದ ಅರಸನೆಂದು ಆಕೆಯ ಮನಸ್ಸಾಕ್ಷಿ ಹೇಳುತ್ತಿತ್ತು. ಇಬ್ಬರು ಅರಸರನ್ನು ನಂಬುವ ಮನೆಯಲ್ಲಿ ಎರಡು ಹಾಸಿಗೆ ಇರಲೆಂದು ಪತಿ ಮನೆ ಬಿಟ್ಟು ಹೊರಟೇಹೋದರು. ಮತ್ತೆ ಮರಳಿದ್ದು 1702ರಲ್ಲಿ, ವಿಲಿಯಮನು ತೀರಿಕೊಂಡ ವರ್ಷದಲ್ಲಿ. ಮುನಿಸು ಮುಗಿದ ಮೇಲೆ ಹುಟ್ಟಿದ ಮಗನೇ ಜಾನ್. ಹೆಂಡತಿಗೂ ಒಂದು ಮನಸ್ಸಾಕ್ಷಿ ಉಂಟೆಂಬುದನ್ನು ಒಪ್ಪಲಾರದ ಗಂಡಸುತನದ ನೆರಳು ಆ ತೊಟ್ಟಿಲಿನ ಮೇಲೆಯೇ ಬಿದ್ದಿತ್ತು.

ಮಕ್ಕಳ ಪಾಲಿಗೆ ಶಾಲೆಯೂ ಶಾಸ್ತ್ರವೂ ತಾಯಿಯೇ. ಐದು ವರ್ಷ ತುಂಬಿದ ಮರುದಿನ ಮಗುವನ್ನು ಕೂರಿಸಿ ಒಂದೇ ದಿನದಲ್ಲಿ ಅಕ್ಷರಮಾಲೆಯನ್ನು ಕಲಿಸುವುದು ಆಕೆಯ ಕ್ರಮ. ದಿನಕ್ಕೆ ಆರು ಗಂಟೆ ಪಾಠ. ಅಡುಗೆ, ಬಾಣಂತನ, ಸಾಲಗಾರರ ಕಾಟ ಯಾವುದರಿಂದಲೂ ಪಾಠ ತಪ್ಪಲಿಲ್ಲ. ಇದಲ್ಲದೆ ಪ್ರತಿಯೊಂದು ಮಗುವಿಗೂ ವಾರದಲ್ಲಿ ಒಂದು ಸಂಜೆಯನ್ನು ಆಕೆ ಮೀಸಲಿಟ್ಟಿದ್ದಳು. ಆ ಹೊತ್ತಿನಲ್ಲಿ ಆ ಮಗುವಿನೊಡನೆ ಮಾತ್ರ ಮಾತು. ಜಾನ್‌ನ ಪಾಲಿಗೆ ಬಂದದ್ದು ಗುರುವಾರ. ದೊಡ್ಡವರಾದ ಮೇಲೂ ಅವರು ಆ ಗುರುವಾರವನ್ನು ಮರೆಯಲಿಲ್ಲ. ತನಗಾಗಿ ಈಗಲೂ ಆ ಹೊತ್ತನ್ನು ಕೊಡಬೇಕೆಂದು ತಾಯಿಗೆ ಬರೆದು ಕೇಳಿಕೊಂಡರು.

1709ರ ಫೆಬ್ರವರಿಯ ಒಂದು ರಾತ್ರಿ ಸಭಾಪಾಲಕರ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಬಂದರು, ಐದು ವರ್ಷದ ಜಾನ್ ಮಾತ್ರ ಮಾಳಿಗೆಯಲ್ಲಿ ಉಳಿದ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ಕಿಟಕಿಯಿಂದ ಹುಡುಗನನ್ನು ಎಳೆದುಕೊಂಡನು. ಹಿಂದೆಯೇ ಸೂರು ಕುಸಿಯಿತು. ದೇವರು ಏನೋ ಕೆಲಸಕ್ಕಾಗಿ ಈ ಮಗುವನ್ನು ಉಳಿಸಿದನೆಂಬ ಭಾವನೆ ತಾಯಿಯಲ್ಲೂ ಮಗನಲ್ಲೂ ಬೇರೂರಿತು.

ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲೂ 1720ರಿಂದ ಆಕ್ಸ್‌ಫರ್ಡಿನಲ್ಲೂ ಅವರ ಓದು ಸಾಗಿತು. 1725ರಲ್ಲಿ ಬೋಧಕ ದೀಕ್ಷೆಗೆ ಸಿದ್ಧರಾಗುತ್ತಿದ್ದ ಮಗನಿಗೆ ಸುಸಾನ್ನಾ ಪಾಪವನ್ನು ಅಳೆಯುವ ಒಂದು ಅಳತೆಗೋಲನ್ನು ಬರೆದು ಕಳುಹಿಸಿದಳು. ಒಂದು ಸಂಗತಿ ತನ್ನಷ್ಟಕ್ಕೆ ಎಷ್ಟೇ ನಿರ್ದೋಷವಾಗಿದ್ದರೂ ನಿನ್ನ ಮನಸ್ಸಾಕ್ಷಿಯ ಮೃದುತ್ವವನ್ನು ಅದು ಕೆಡಿಸುವುದಾದರೆ ನಿನ್ನ ಪಾಲಿಗೆ ಅದು ಪಾಪವೇ ಎಂಬುದು ಅದರ ಸಾರ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಆ ಮೃದುತ್ವ ತರುಣ ವೆಸ್ಲಿಯವರಲ್ಲಿ ಇತ್ತು. ಅವರ ಅಕ್ಕ ಹೆಟ್ಟಿ ಒಬ್ಬನನ್ನು ನಂಬಿ ಮನೆಬಿಟ್ಟು ಮೋಸಹೋದವಳು. ತಂದೆ ಆಕೆಯನ್ನು ಕ್ಷಮಿಸಲಿಲ್ಲ. ಮನಸ್ಸಿಲ್ಲದ ಮದುವೆ ಮಾಡಿ ಕೈತೊಳೆದುಕೊಂಡರು. 1726ರಲ್ಲಿ ಜಾನ್ ತಂದೆಯ ಸಭೆಯಲ್ಲೇ ನಿಂತು, ತಪ್ಪಿದವರನ್ನು ದಯೆಯಿಂದ ಕಾಣಬೇಕೆಂದು ಉಪದೇಶ ಮಾಡಿದರು. ಅದು ಯಾರನ್ನು ಕುರಿತದ್ದೆಂದು ತಂದೆಗೆ ತಿಳಿಯದಿರಲಿಲ್ಲ, ಕೋಪಗೊಂಡರು. ಇಪ್ಪತ್ತಮೂರರ ಯುವಕ ಅಕ್ಕನಿಗಾಗಿ ತಂದೆಯ ಮುನಿಸನ್ನು ಹೊತ್ತದ್ದು ನಿಜವಾದ ಗಂಡಸುತನವೆಂದೇ ನಮಗೆ ತೋರುತ್ತದೆ.

ಆಕ್ಸ್‌ಫರ್ಡಿನಲ್ಲಿ ಅವರೂ ತಮ್ಮ ಚಾರ್ಲ್ಸ್ ಅವರೂ ಕೆಲವು ಗೆಳೆಯರೂ ಸೇರಿ ಹೊತ್ತುಹೊತ್ತಿಗೆ ಪ್ರಾರ್ಥನೆ, ಉಪವಾಸ, ಸೆರೆಮನೆಯವರ ಭೇಟಿ, ಬಡ ಮಕ್ಕಳಿಗೆ ಪಾಠ ಎಂದು ಕ್ರಮ ಹಾಕಿಕೊಂಡರು. ಈ ಕ್ರಮವನ್ನು ಕಂಡು ಹಾಸ್ಯ ಮಾಡಿದವರು ಇಟ್ಟ ಅಡ್ಡಹೆಸರೇ ಮೆಥಡಿಸ್ಟ್. ವರ್ಷಕ್ಕೆ 30 ಪೌಂಡು ಬಂದಾಗ 28ರಲ್ಲಿ ಬದುಕಿ 2 ಪೌಂಡು ದಾನ ಮಾಡಿದ ವೆಸ್ಲಿಯವರು, 60 ಬಂದಾಗಲೂ 28ರಲ್ಲೇ ಬದುಕಿ ಉಳಿದ 32ನ್ನು ಬಡವರಿಗೆ ಕೊಟ್ಟರು.

ಆದರೂ ಅವರ ಮನಸ್ಸಿಗೆ ಶಾಂತಿ ಇರಲಿಲ್ಲ. 1735ರಲ್ಲಿ ಮಿಶನರಿಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಹೊರಟರು. ಕಡಲಿನ ಬಿರುಗಾಳಿಯಲ್ಲಿ ತಾವು ಸಾವಿಗೆ ನಡುಗುತ್ತಿದ್ದಾಗ, ಮೊರಾವಿಯನ್ ಪಂಥದ ಜರ್ಮನ್ ಕುಟುಂಬಗಳು ಹೆಂಗಸರು ಮಕ್ಕಳ ಸಮೇತ ನೆಮ್ಮದಿಯಿಂದ ಕೀರ್ತನೆ ಹಾಡುತ್ತಿದ್ದುದನ್ನು ಕಂಡು ನಾಚಿಕೊಂಡರು. ಸವನ್ನಾದಲ್ಲಿ ಸೋಫಿಯಾ ಹಾಪ್ಕಿ ಎಂಬ ತರುಣಿಯನ್ನು ಮೆಚ್ಚಿದರು. ಆದರೆ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಕಾದು ಸೋತ ಆಕೆ 1737ರಲ್ಲಿ ಬೇರೊಬ್ಬನನ್ನು ಮದುವೆಯಾದಳು. ಕೆಲವು ತಿಂಗಳ ಬಳಿಕ ವೆಸ್ಲಿಯವರು ಸಭೆಯ ನಿಯಮ ಹೇಳಿ ಆಕೆಗೆ ಪ್ರಭುಭೋಜನವನ್ನು ನಿರಾಕರಿಸಿದರು. ಗಂಡನು ನ್ಯಾಯಾಲಯಕ್ಕೆ ಹೋದ. ಆ ವರ್ಷದ ಕೊನೆಗೆ ವೆಸ್ಲಿಯವರು ಅಲ್ಲಿಂದ ಹೊರಟುಬಂದರು. ನಿಯಮದ ಮರೆಯಲ್ಲಿ ನೊಂದ ಮನಸ್ಸು ಅಡಗಿರಲಿಲ್ಲವೆಂದು ಹೇಳಲು ನಮಗೆ ಧೈರ್ಯ ಸಾಲದು.

1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಲೂಥರನು ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಕೇಳುತ್ತಿದ್ದ ವೆಸ್ಲಿಯವರಿಗೆ, ಕ್ರಿಸ್ತನು ತನ್ನ ಪಾಪಗಳನ್ನೂ ತೆಗೆದುಹಾಕಿದ್ದಾನೆಂಬ ಭರವಸೆ ಹುಟ್ಟಿತು. ಮುಂದಿನ ವರ್ಷ ಬ್ರಿಸ್ಟಲಿನ ಬಳಿ ಬಯಲಿನಲ್ಲಿ ನಿಂತು ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಉಪದೇಶ ಮಾಡತೊಡಗಿದರು. 1742ರಲ್ಲಿ ಎಪ್‌ವರ್ತಿನ ದೇವಾಲಯದೊಳಗೆ ಅವರಿಗೆ ಅವಕಾಶ ಕೊಡಲಿಲ್ಲ. ಹೊರಗೆ ತಂದೆಯ ಸಮಾಧಿಯ ಕಲ್ಲನ್ನೇ ಪೀಠ ಮಾಡಿಕೊಂಡರು. ಅಲ್ಲಿಂದ ಐವತ್ತು ವರ್ಷ ಕುದುರೆಯ ಬೆನ್ನೇ ಅವರ ಮನೆ. ಕ್ರಮಿಸಿದ ದಾರಿ ಎರಡೂವರೆ ಲಕ್ಷ ಮೈಲು, ಮಾಡಿದ ಉಪದೇಶ ನಲವತ್ತು ಸಾವಿರವೆಂದು ಲೆಕ್ಕ ಹೇಳುತ್ತಾರೆ. ಬಡವರಿಗೆ ಔಷಧ, ಸಣ್ಣ ಸಾಲದ ನಿಧಿ, ಶಾಲೆ ಇವೂ ಜೊತೆಯಲ್ಲಿ ನಡೆದವು. 1774ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಪುಸ್ತಕ ಬರೆದರು.

ಅವರ ಉಪದೇಶದಲ್ಲಿ ಹೆಚ್ಚು ವಾದಕ್ಕೆ ಗುರಿಯಾದದ್ದು ಪರಿಪೂರ್ಣತೆಯ ವಿಚಾರ. ದೇವರ ಆಜ್ಞೆ ಇಂಥದೆಂದು ತಿಳಿದಿದ್ದೂ ಬೇಕೆಂದೇ ಮೀರುವುದು ಸರಿಯಾದ ಅರ್ಥದಲ್ಲಿ ಪಾಪ. ಅಜ್ಞಾನ, ಮರೆವು, ತಪ್ಪು ತಿಳಿವಳಿಕೆ, ದೇಹದ ಬಲಹೀನತೆ ಇವು ಮನುಷ್ಯನನ್ನು ಸಾಯುವ ತನಕ ಬಿಡುವುದಿಲ್ಲ. ಅವುಗಳಿಗೂ ಕ್ರಿಸ್ತನ ಕ್ಷಮೆ ಬೇಕು. ಆದರೆ ದೇವರನ್ನೂ ನೆರೆಯವನನ್ನೂ ಪೂರ್ಣ ಹೃದಯದಿಂದ ಪ್ರೀತಿಸುವವನು ಬೇಕೆಂದು ಪಾಪ ಮಾಡಲಾರನು. 1766ರಲ್ಲಿ ಪ್ರಕಟವಾದ ಕ್ರೈಸ್ತ ಪರಿಪೂರ್ಣತೆಯ ವಿವರಣೆಯ ಗ್ರಂಥದಲ್ಲಿ ಇದನ್ನೆಲ್ಲ ಬಿಡಿಸಿ ಬರೆದರು. ಈ ಬೋಧನೆ ಕೆಲವರ ತಲೆಗೇರಿತು. ಜಾರ್ಜ್ ಬೆಲ್ ಎಂಬವನು ತಾನು ಪರಿಪೂರ್ಣನೆಂದು ಸಾರಿದ್ದಲ್ಲದೆ 1763ರ ಫೆಬ್ರವರಿ 28ಕ್ಕೆ ಲೋಕ ಮುಗಿಯುವುದೆಂದೂ ಹೇಳಿದನು. ಆ ಸಂಜೆ ವೆಸ್ಲಿಯವರು ಅದು ಹುಚ್ಚುಮಾತೆಂದು ಜನರಿಗೆ ವಿವರಿಸಿ, ರಾತ್ರಿ ಎಂದಿನಂತೆ ಮಲಗಿ ನಿದ್ರೆಹೋದರು. ತಾವು ಪರಿಪೂರ್ಣರೆಂದು ಅವರು ಎಂದೂ ಹೇಳಿಕೊಂಡವರಲ್ಲ.

ಇನ್ನು ಮನೆಯ ಮಾತು. 1749ರಲ್ಲಿ ಗ್ರೇಸ್ ಮರ್ರೆ ಎಂಬ ವಿಧವೆಯೊಡನೆ ಆಗಲಿದ್ದ ಮದುವೆ ತಮ್ಮ ಚಾರ್ಲ್ಸ್ ಅಡ್ಡಬಂದುದರಿಂದ ಮುರಿಯಿತು. 1751ರ ಫೆಬ್ರವರಿಯಲ್ಲಿ ಲಂಡನ್ ಸೇತುವೆಯ ಮೇಲೆ ಮಂಜುಗಡ್ಡೆಯಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ ವೆಸ್ಲಿಯವರು, ಮೇರಿ ವಜೀಲ್ ಎಂಬ ವರ್ತಕನ ವಿಧವೆಯ ಮನೆಯಲ್ಲಿ ಆರೈಕೆ ಪಡೆದರು. ಅದೇ ತಿಂಗಳಲ್ಲಿ ಇಬ್ಬರಿಗೂ ಮದುವೆಯಾಯಿತು. ಆಕೆಯ ಆಸ್ತಿಯನ್ನು ತಾವು ಮುಟ್ಟದಂತೆ ಆಕೆಗೂ ಆಕೆಯ ಮಕ್ಕಳಿಗೂ ಬರೆಸಿಕೊಟ್ಟದ್ದು ಅವರ ದೊಡ್ಡತನ. ಆದರೆ ಮದುವೆಯಾಗಿ ಒಂದೇ ತಿಂಗಳಲ್ಲಿ, ಸಂಸಾರಿಯಾದ ಉಪದೇಶಕನು ಒಂದು ಉಪದೇಶವನ್ನಾಗಲಿ ಒಂದು ದಿನದ ಪ್ರಯಾಣವನ್ನಾಗಲಿ ಕಡಿಮೆ ಮಾಡಬಾರದೆಂಬ ನಿಶ್ಚಯವನ್ನು ದಿನಚರಿಯಲ್ಲಿ ಬರೆದಿಟ್ಟರು.

ಮೇರಿ ಕೆಲವು ಕಾಲ ಅವರೊಡನೆ ಊರೂರು ಸುತ್ತಿದಳು. ಮಳೆ, ಕೆಸರು, ಕೆಟ್ಟ ದಾರಿ, ಪರರ ಮನೆಯ ಹಾಸಿಗೆ ಆಕೆಗೆ ಒಗ್ಗಲಿಲ್ಲ. ಲಂಡನ್ನಿನಲ್ಲಿ ಉಳಿದರೆ ಪತಿಯ ಮುಖ ಕಾಣುವುದು ಅಪರೂಪ. ಅವರ ಸಲಹೆ ಕೇಳಿ ಬರೆಯುವ ಹೆಂಗಸರಿಗೆ ಆತ್ಮೀಯವಾದ ಉದ್ದುದ್ದ ಕಾಗದಗಳು ಹೋಗುತ್ತಿದ್ದವು. ಆಕೆ ಅವನ್ನು ಒಡೆದು ಓದಿದಳು, ಸಂಶಯ ಬೆಳೆಯಿತು, ಪರರ ಮುಂದೆ ದೂರಿದಳು. ಸಿಟ್ಟಿನಲ್ಲಿ ಆಕೆ ಮಿತಿಮೀರಿದ್ದುಂಟು. ವೆಸ್ಲಿಯವರಾದರೋ ಆಕೆಯ ತಪ್ಪುಗಳನ್ನು ಎಣಿಸಿ, ವಿಧೇಯಳಾಗಿರಬೇಕೆಂದು ಬುದ್ಧಿ ಹೇಳಿ ಕಾಗದ ಬರೆದರು. ಆಕೆಯನ್ನು ನೋಯಿಸುತ್ತಿದ್ದ ಆ ಪತ್ರವ್ಯವಹಾರವನ್ನು ಮಾತ್ರ ಬಿಡಲಿಲ್ಲ. 1771ರ ಜನವರಿಯಲ್ಲಿ ಆಕೆ ನ್ಯೂಕ್ಯಾಸಲಿಗೆ ಹೊರಟುಹೋದಾಗ, ತಾನು ಬಿಟ್ಟದ್ದೂ ಅಲ್ಲ, ಕಳುಹಿಸಿದ್ದೂ ಅಲ್ಲ, ಮತ್ತೆ ಕರೆಯುವುದೂ ಇಲ್ಲವೆಂಬ ಅರ್ಥದ ಸಾಲನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದುಕೊಂಡರು. ಮುಂದೆ ಒಮ್ಮೆ ಕೂಡಿ ಬಾಳಿದರೂ ಅದು ನಿಲ್ಲಲಿಲ್ಲ. 1781ರ ಅಕ್ಟೋಬರಿನಲ್ಲಿ ಆಕೆ ತೀರಿಕೊಂಡಳು. ಗಂಡನಿಗೆ ಸುದ್ದಿ ತಲುಪುವಾಗ ಮಣ್ಣು ಮುಗಿದಿತ್ತು.

ತಮ್ಮ ಚಾರ್ಲ್ಸ್ ಅವರ ದಾರಿ ಬೇರೆ. ಸಾವಿರಾರು ಕೀರ್ತನೆಗಳ ಕರ್ತೃವಾದ ಅವರೂ ಅಣ್ಣನಂತೆಯೇ ಕುದುರೆಯೇರಿ ತಿರುಗಿದವರು. 1749ರಲ್ಲಿ ಸಾರಾ ಗ್ವಿನ್ನಳನ್ನು ಮದುವೆಯಾದ ಮೇಲೆ ಮೆಲ್ಲಮೆಲ್ಲನೆ ಪ್ರಯಾಣವನ್ನು ಕಡಿಮೆ ಮಾಡಿ, 1756ರ ಅನಂತರ ಬ್ರಿಸ್ಟಲಿನಲ್ಲಿ, ಆಮೇಲೆ ಲಂಡನ್ನಿನಲ್ಲಿ ಊರಿಕೊಂಡರು. ಎಂಟು ಮಕ್ಕಳಲ್ಲಿ ಐವರನ್ನು ಕಳೆದುಕೊಂಡ ಆ ಮನೆಯಲ್ಲಿ ಗಂಡಹೆಂಡಿರು ಒಬ್ಬರನ್ನೊಬ್ಬರು ಬಿಡಲಿಲ್ಲ. ಅಣ್ಣನ ಕಣ್ಣಿಗೆ ಇದು ಕೆಲಸದಿಂದ ಹಿಂದೆ ಸರಿದಂತೆ ಕಂಡಿತು. ಇಬ್ಬರಲ್ಲಿ ಯಾರು ಹೆಚ್ಚು ಗಂಡಸು ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಚಾರ್ಲ್ಸ್ ಮನೆಯಲ್ಲಿ ನಿಂತುದರಿಂದ ಅವರ ಕೀರ್ತನೆಗಳು ನಿಲ್ಲಲಿಲ್ಲವೆಂಬುದನ್ನು ಮಾತ್ರ ಹೇಳಬಹುದು.

ವೆಸ್ಲಿಯವರ ಕೊನೆಗಾಲವೂ ದೊಡ್ಡದೇ. 1785ರ ಜನವರಿಯಲ್ಲಿ 81 ವರ್ಷದ ಮುದುಕರು ಕರಗುವ ಹಿಮದಲ್ಲಿ ಹಿಮ್ಮಡಿ ಮುಳುಗುವಂತೆ ಲಂಡನ್ನಿನ ಬೀದಿಗಳಲ್ಲಿ ನಡೆದು, ಬಡವರ ಬಟ್ಟೆಗಾಗಿ 200 ಪೌಂಡು ಭಿಕ್ಷೆ ಎತ್ತಿದರು. ತೀರಿಕೊಳ್ಳುವ ಕೆಲವೇ ದಿನಗಳ ಹಿಂದೆ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸರಿಗೆ ಧೈರ್ಯ ಹೇಳಿ ಕಾಗದ ಬರೆದರು. 1791ರ ಮಾರ್ಚ್ 2ರಂದು ತಮ್ಮ 87ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಆಡಂಬರ ಬೇಡ, ಆರು ಮಂದಿ ಬಡವರು ಹೆಣ ಹೊರಲಿ, ತಲೆಗೊಂದು ಪೌಂಡಿನಂತೆ ಅವರಿಗೆ ಕೊಡಿರಿ ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದರು.

ಇಂಥವರ ಮೇಲೆ ಕಲ್ಲೆಸೆಯಲು ನಾವು ಯಾರು? ಬೇಕೆಂದು ಹೆಂಡತಿಯನ್ನು ನೋಯಿಸಬೇಕೆಂದು ಅವರು ಎಂದೂ ಎಣಿಸಿರಲಾರರು. ಆದರೂ ಅವರದೇ ಉಪದೇಶದ ಬೆಳಕಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಮೊದಲ ಸಲ ನೋಯಿಸಿದಾಗ ಅದು ಅಜ್ಞಾನ, ಕ್ಷಮೆಯುಂಟು. ನೊಂದವಳು ಬಂದು ನೋವಾಯಿತೆಂದು ಹೇಳಿದ ಮೇಲೂ ಅದನ್ನೇ ನಡೆಸಿದರೆ ಅದನ್ನು ಅಜ್ಞಾನವೆನ್ನಬಹುದೇ? ಉಪದೇಶ ಮಾಡುವುದು ನಿರ್ದೋಷ, ಪ್ರಯಾಣ ಮಾಡುವುದು ನಿರ್ದೋಷ, ಕಾಗದ ಬರೆಯುವುದೂ ನಿರ್ದೋಷ. ಆದರೆ ಸುಸಾನ್ನಾ ಕೊಟ್ಟ ಅಳತೆಗೋಲು ಕೆಲಸವನ್ನು ಅಳೆಯುವುದಿಲ್ಲ. ಮನಸ್ಸಿನ ಮೃದುತ್ವ ಉಳಿಯಿತೇ ಎಂದು ಅಳೆಯುತ್ತದೆ. ಅಕ್ಕನಿಗಾಗಿ ತಂದೆಯನ್ನು ಎದುರಿಸಿದ ಆ ಮೃದುತ್ವದಲ್ಲಿ ಒಂದು ಪಾಲು ಮೇರಿಗೆ ಸಿಕ್ಕಿದ್ದರೆ ಆ ಮನೆ ಉಳಿಯುತ್ತಿತ್ತೋ ಏನೋ.

ನಾವು ಕುದುರೆಯೇರಿ ಲೋಕ ಸುತ್ತುವವರಲ್ಲ. ನಮ್ಮದು ಶಾಲೆ, ತೋಟ, ಅಂಗಡಿ, ಸಂಘದ ಮೀಟಿಂಗು. ಆದರೂ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು, ಊರ ಕೆಲಸದ ಹೆಸರು ಹೇಳಿ, ಮಾತಿಗಾಗಿ ಕಾದವರಿಂದ ಮುಖ ತಿರುಗಿಸುವವರು ನಮ್ಮಲ್ಲೂ ಇದ್ದೇವೆ. ಹತ್ತೊಂಬತ್ತು ಹೆತ್ತ ತಾಯಿಗೆ ಒಂದೊಂದು ಮಗುವಿಗೂ ವಾರಕ್ಕೊಂದು ಸಂಜೆ ದೊರಕಿತು. ನಮ್ಮ ಮನೆಯವರ ಪಾಲಿನ ಗುರುವಾರ ಯಾವುದೆಂದು ನಾವೇ ಕೇಳಿಕೊಳ್ಳೋಣ. ಅದಿಲ್ಲವೆಂದು ತಿಳಿದ ಮೇಲೆ, ತಿಳಿದಿರಲಿಲ್ಲವೆಂಬ ನೆವ ನಮಗೂ ಉಳಿಯುವುದಿಲ್ಲ.